ಪಾಳಿ ಮುಗಿಯದ ಅರವಟಿಗೆ

ತಗಡಿನ ಮೇಲೆ ನೀರು ಓಡುವ ಸದ್ದು. ತಂಬಿಗೆಯಿಂದ ಬಿದ್ದ ಕೂಡಲೇ ಒಂದು ಟಣ್, ಆಮೇಲೆ ಇಳಿಜಾರಿನುದ್ದಕ್ಕೂ ಸರಸರ, ಕೊನೆಗೆ ಯಾರದೋ ಬೊಗಸೆಯೊಳಗೆ ಬಿದ್ದು ಸದ್ದೇ ಇಲ್ಲ. ಈಗ ನಾನಿರುವ ಮನೆಯ ಪಕ್ಕದಲ್ಲಿ ಯಾರೋ ಕಾರಿಗೊಂದು ಶೆಡ್ ಕಟ್ಟಿಸಿದ್ದಾರೆ. ಮಳೆ ಬಂದು ಆ ತಗಡಿನ ಮೇಲೆ ನೀರು ಹರಿಯತೊಡಗಿದರೆ ನನಗೆ ಗೋಕಾಕದ ಬಿಸಿಲು ನೆನಪಾಗುತ್ತದೆ. ಮಳೆಯಲ್ಲಿ ಬಿಸಿಲು ನೆನಪಾಗುವುದು ಫನ್ನಿ ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಅವಳಿಗೆ ಆ ತಗಡಿನ ದೋಣಿಯ ಕಥೆ ಗೊತ್ತಿಲ್ಲ.

ನಮ್ಮ ಮನೆ ಗೋಕಾಕದ ಪೇಟೆಯಲ್ಲಿತ್ತು. ಬೆಲ್ಲ, ಶೇಂಗಾ, ಹತ್ತಿಯ ವ್ಯಾಪಾರ. ಜೈನರ ಮನೆ, ಅಂಗಡಿಯಲ್ಲಿ ಕನ್ನಡ, ಅಡಿಗೆಮನೆಯಲ್ಲಿ ಅರ್ಧ ಮರಾಠಿ. ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಹೋಳಿ ಹುಣ್ಣಿಮೆ ಕಳೆಯಿತೆಂದರೆ ಆಯಿ ಮನೆಯ ಮುಂದೆ ಅರವಟಿಗೆ ಇಡಿಸುವಳು. ನಾಲ್ಕು ಗಳ ಹುಗಿದು ಮೇಲೆ ತೆಂಗಿನ ಗರಿಯ ಚಪ್ಪರ, ಕೆಳಗೆ ಮರಳಿನ ಗುಡ್ಡೆ, ಮರಳಿನ ಮೇಲೆ ಮಣ್ಣಿನ ಹರವಿಗಳು. ಹೊಳೆಯ ಕಡೆಯಿಂದ, ಬಸ್ ಸ್ಟ್ಯಾಂಡಿನ ಕಡೆಯಿಂದ ಬಂದವರು ಅಲ್ಲಿ ಬೊಗಸೆಯೊಡ್ಡಿ ಕುಡಿದು ಹೋಗುತ್ತಿದ್ದರು. ಮೊದಲ ದೊಡ್ಡ ಮಳೆ ಬೀಳುವವರೆಗೂ ಅದು ನಡೆಯುತ್ತಿತ್ತು.

ಆ ನೀರಿಗೆ ಆಯಿ ಹಾಕಿದ ರೂಲ್ಸು ನಮ್ಮ ಕಾನ್ವೆಂಟಿನ ರೂಲ್ಸಿಗಿಂತ ಹೆಚ್ಚು. ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಸೋಸಿ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ, ಕಳೆದರೆ ಅದು ಮತ್ತೆ ಸೋಸದ ನೀರೇ, ನೀರು ಹಾಕುವವರೇ ಪುನಃ ಸೋಸಬೇಕು. ಬಟ್ಟೆಯಲ್ಲಿ ಉಳಿದದ್ದು ಕಸವಲ್ಲ, ಕಣ್ಣಿಗೆ ಕಾಣದ ಜೀವಗಳು. ಅವನ್ನು ಯಾವ ಬಾವಿಯಿಂದ ಬಂದವೋ ಆ ಬಾವಿಗೇ ಮೆಲ್ಲಗೆ ಇಳಿಸಿ ಬಿಡಬೇಕು, ಅದೂ ಸೋಸಿದವರ ಕೈಯಿಂದಲೇ. ಅರವಟಿಗೆಯಲ್ಲಿ ಯಾರೂ ತಾವೇ ಹಾಕಿಕೊಂಡು ಕುಡಿಯುವಂತಿಲ್ಲ, ಇನ್ನೊಬ್ಬರು ಹಾಕಬೇಕು. ಇವೆಲ್ಲದರ ಮೇಲೆ ಆಯಿ ತನಗೊಂದು ವ್ರತ ಹಾಕಿಕೊಂಡಿದ್ದಳು. ಮಧ್ಯಾಹ್ನ ಅರವಟಿಗೆಗೆ ಜನ ಬರತೊಡಗಿದ ಮೇಲೆ ಸಂಜೆ ಕಡೆಯ ಬಾಯಾರಿದವರು ಕುಡಿದು ಹೋಗುವ ತನಕ ತಾನು ನೀರು ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ದೊಡ್ಡವರು ಊಟವನ್ನೂ ಮಾಡುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಅಂದರೆ ಕಡೆಯವರು ಕುಡಿದು ಹೊತ್ತು ಮುಳುಗುವುದರೊಳಗಿನ ಸ್ವಲ್ಪ ಸಮಯವೇ ಆಯಿಯ ಪಾಲಿಗೆ ಉಳಿಯುತ್ತಿದ್ದುದು. ದಿನಾ ಆ ಹೊತ್ತಿಗೆ ತನ್ನ ತಂಬಿಗೆ ಬೆಳಗಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿರುವಳು. ನೀರು ಹಾಕುವ ಕಾಕಾ ಒಳಗೆ ಬಂದು, ಮುಗಿಯಿತು ಎನ್ನುವನು. ಆಯಿ ಕುಡಿಯುವಳು.

ಕಾಕಾ ಎಂದರೆ ನಮ್ಮ ಸಂಬಂಧಿಕನಲ್ಲ. ಅಪ್ಪನ ಅಂಗಡಿಯಲ್ಲಿ ಮುದುಕನಾದ ಆಳು. ಚೀಲ ಎತ್ತಲು ಆಗದಾದ ಮೇಲೆ ಬೇಸಿಗೆಯಲ್ಲಿ ಅರವಟಿಗೆಯ ಕೆಲಸ ಅವನದು. ಬಾಯಿ ಜೋರು, ಕೈ ಮೆತ್ತಗೆ.

ಇನ್ನು ದೋಣಿ. ಹರವಿಗಳ ಬಾಜೂಕ್ಕೆ ಒಂದು ಮಾರು ಉದ್ದದ ತಗಡನ್ನು ದೋಣಿಯ ಹಾಗೆ ಬಗ್ಗಿಸಿ ಇಳಿಜಾರಾಗಿ ಕಟ್ಟಿದ್ದರು. ಎಲ್ಲರಿಗೂ ಕಾಕಾ ತಂಬಿಗೆಯಿಂದ ನೇರ ಬೊಗಸೆಗೆ ನೀರು ಹಾಕುವನು. ಊರ ಹೊರಗಿನ ಕೇರಿಯವರು ಬಂದರೆ ಅದೇ ಹರವಿಯ ನೀರನ್ನು ಅದೇ ತಂಬಿಗೆಯಿಂದ ದೋಣಿಯ ಮೇಲ್ತುದಿಗೆ ಸುರಿಯುವನು. ಅವರು ಕೆಳತುದಿಯಲ್ಲಿ ಬಗ್ಗಿ ಹಿಡಿದುಕೊಳ್ಳುವರು. ಆಯಿಯ ಅತ್ತೆಯ ಕಾಲದಿಂದ ಅದು ಅಲ್ಲಿತ್ತು. ಅದರ ಸದ್ದು ನನಗೆ ಇಂಪಾಗಿ ಕೇಳುತ್ತಿತ್ತು ಎಂದರೆ, ಅದರ ಅರ್ಥವನ್ನು ಆಗಿನ್ನೂ ಯಾರೂ ನನಗೆ ಹೇಳಿರಲಿಲ್ಲ ಎಂದೇ ತಿಳಿಯಬೇಕು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡರ್. ಅಲ್ಲಿ ಎಲ್ಲದಕ್ಕೂ ಕ್ಯೂ. ಸ್ನಾನಕ್ಕೆ ಕ್ಯೂ, ಊಟಕ್ಕೆ ಕ್ಯೂ, ಚಾಪೆಲ್‌ಗೆ ಕ್ಯೂ, ಊರಿನಿಂದ ಬಂದ ಕಾಗದ ಇಸಿದುಕೊಳ್ಳಲಿಕ್ಕೂ ಕ್ಯೂ. ಸಿಸ್ಟರ್ ಒಬ್ಬರು, ಕ್ಯೂದಲ್ಲಿ ನಿಂತಾಗ ಮಹಾರಾಜರ ಮಗಳೂ ಮಾಲಿಯ ಮಗಳೂ ಒಂದೇ ಸೈಜು ಎನ್ನುತ್ತಿದ್ದರು. ರಜೆಗೆ ಊರಿಗೆ ಬಂದರೆ ಅರವಟಿಗೆಯ ಮುಂದೆ ನೂಕಾಟ. ನನಗೆ ಸಹಿಸಲಾಗಲಿಲ್ಲ. ಒಂದು ಬೇಸಿಗೆ ಹಟ ಮಾಡಿ ಅಪ್ಪನಿಂದ ಎರಡು ಗೂಟ ಹೊಡೆಸಿ ಹಗ್ಗ ಕಟ್ಟಿಸಿದೆ, ಒಬ್ಬರ ಹಿಂದೆ ಒಬ್ಬರು ನಿಲ್ಲುವಂತೆ. ಡಿಸಿಪ್ಲಿನ್! ಪೇಟೆಯ ಜನ ಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ನಮ್ಮ ಕಡೆ ಕ್ಯೂಗೆ ಪಾಳಿ ಎನ್ನುತ್ತಾರೆ. ಸಾವಕಾರರ ಮಗಳ ಪಾಳಿ ಎಂದು ಅದಕ್ಕೆ ಹೆಸರೇ ಬಿತ್ತು. ಕೇರಿಯವರು ಮಾತ್ರ ಹಗ್ಗದ ಒಳಗೆ ಬರುತ್ತಿರಲಿಲ್ಲ. ಸೀದಾ ದೋಣಿಯ ಕಡೆ ಹೋಗುತ್ತಿದ್ದರು. ಅವರಿಗೂ ಪಾಳಿ ಇರಬೇಕೆಂದು ನನಗಾಗಲಿ ಯಾರಿಗಾಗಲಿ ಹೊಳೆದಿರಲಿಲ್ಲ.

ಅದು ಅವರಿಗೇ ಹೊಳೆಯಿತು.

ನಾನು ಮ್ಯಾಟ್ರಿಕ್ ಪರೀಕ್ಷೆ ಬರೆದು ಬಂದ ಬೇಸಿಗೆ ಅದು. ತುಕ್ಕಾನಟ್ಟಿ, ನಾಗನೂರಿನ ಕಡೆಯ ಕೇರಿಗಳ ಕೆಲವು ಮನೆತನಗಳು ಆಗಷ್ಟೇ ಬೌದ್ಧರಾಗಿದ್ದವು. ಆ ಮನೆಗಳ ಹೆಣ್ಣುಮಕ್ಕಳು ಶೇಂಗಾ ಸುಲಿಯಲು ಗೋಕಾಕದ ಗೋದಾಮುಗಳಿಗೆ ಬರುತ್ತಿದ್ದರು. ಅದೇ ವರ್ಷ ಗಡಿಯ ತಕರಾರೂ ಜೋರಾಗಿತ್ತು. ಐದು ಮಂದಿ ಕೂಡಿ ನಿಲ್ಲಬಾರದು, ಘೋಷಣೆ ಕೂಗಬಾರದು ಎಂದು ಪೇಟೆಯಲ್ಲಿ ಡಂಗುರ ಹೊಡೆಸಿದ್ದರು. ಊರೆಲ್ಲ ಉಸಿರು ಬಿಗಿಹಿಡಿದಂತಿತ್ತು.

ಒಂದು ಮಧ್ಯಾಹ್ನ ನಾನು ಜಗುಲಿಯ ಮೇಲೆ ಕೂತು ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೆ. ಎತ್ತರದ, ಎಲುಬು ಗಟ್ಟಿಯಾದ ಒಬ್ಬ ಹೆಣ್ಣುಮಗಳು ಬಂದು ಹಗ್ಗದ ಒಳಗೆ ನಿಂತಳು. ತುಕ್ಕಾನಟ್ಟಿಯಾಕೆ. ನಮ್ಮ ಗೋದಾಮಿನಲ್ಲೇ ಕೆಲಸ ಮಾಡುತ್ತಿದ್ದುದರಿಂದ ನನಗೆ ಮುಖ ಗೊತ್ತಿತ್ತು. ಚಪ್ಪಲಿಯನ್ನು ಎಲ್ಲರ ಹಾಗೆ ಚಪ್ಪರದ ಹೊರಗೆ ಬಿಟ್ಟಿದ್ದಳು. ಅವಳ ಹಿಂದೆ ಒಬ್ಬ ಗಾಡಿಯವನು ನಿಂತ, ಅವನ ಹಿಂದೆ ಅವಳ ಜೊತೆಯ ಇನ್ನೊಬ್ಬಳು, ಮತ್ತೆ ಯಾರೋ ಪೇಟೆಯವರು, ಮತ್ತೆ ಅವರಲ್ಲೊಬ್ಬಳು. ಹೀಗೆ ನಡುನಡುವೆ. ಒಬ್ಬರ ಹತ್ತಿರ ಒಬ್ಬರು ನಿಂತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಅವಳ ಪಾಳಿ ಬಂತು. ಬೊಗಸೆಯೊಡ್ಡಿದಳು.

"ದೋಣಿ ಕಡೆ ಬಾರವ್ವಾ," ಎಂದ ಕಾಕಾ, ಸಿಟ್ಟಿಲ್ಲದೆ, ದಿನಾ ಹೇಳುವ ಹಾಗೆ.

"ಇಲ್ಲೇ ಹಾಕ್ರಿ ಕಾಕಾ. ಮುಂದಿನವರಿಗೆ ಹಾಕಿದಂಗ."

"ನಿಮಗ ದೋಣಿ ಐತೆಲ್ಲಾ."

"ಹಂಗಾರ ನನ್ನ ಪಾಳಿ ಇನ್ನೂ ಬಂದಿಲ್ಲ ಅಂತ ಆತು," ಎಂದು ಅವಳು ಬೊಗಸೆ ಬಿಟ್ಟು, ಹಗ್ಗದಗುಂಟ ನಡೆದು ಹೋಗಿ ಪಾಳಿಯ ಕೊನೆಯಲ್ಲಿ ನಿಂತಳು.

ಅಷ್ಟೇ. ಕೂಗಾಟವಿಲ್ಲ, ಬೈದಾಟವಿಲ್ಲ. ಎರಡನೆಯವಳೂ ಹಾಗೇ ಮಾಡಿದಳು. ಮೂರನೆಯವಳೂ. ಮುಂದೆ ಬರುವುದು, ಬೊಗಸೆಯೊಡ್ಡುವುದು, ಕಾಕಾ ದೋಣಿ ತೋರಿಸುವುದು, ಹಿಂದಕ್ಕೆ ಹೋಗಿ ನಿಲ್ಲುವುದು. ಗೋದಾಮಿನಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತು ಮೀರಿತು. ಅಂದಿನ ಕೂಲಿ ಹೋಗುತ್ತದೆಂದು ಗೊತ್ತಿದ್ದೂ ಅವರು ನಿಂತೇ ಇದ್ದರು. ಬಾಯಿ ತೀರಾ ಒಣಗಿದವರು ಒಬ್ಬೊಬ್ಬರಾಗಿ ಹೊಳೆಗೆ ಹೋಗಿ ಕುಡಿದು ಬಂದು ಮತ್ತೆ ಪಾಳಿ ಹಿಡಿಯುತ್ತಿದ್ದರು. ಎದುರಿನ ಅರಿವೆ ಅಂಗಡಿಯ ಸಾವಕಾರ ಗಲ್ಲಾದ ಮೇಲಿಂದಲೇ, ಬಾಯಾಗ ಹನಿ ನೀರಿಲ್ಲ, ಸೊಕ್ಕಿಗೇನ ಕಡಿಮಿಲ್ಲ ಎಂದು ಅಂದ. ತುಕ್ಕಾನಟ್ಟಿಯಾಕೆ ತಿರುಗಿ, ಸೊಕ್ಕಲ್ಲರಿ ಅಣ್ಣಾರ, ಬಾಯಾರಿಕಿ ಎಂದಳು. ಪಾಳಿಯಲ್ಲಿದ್ದ ಗಾಡಿಯವನು ನಕ್ಕುಬಿಟ್ಟ. ನನ್ನ ಮಾವಿನಕಾಯಿ ಕೈಯಲ್ಲೇ ಉಳಿಯಿತು. ನನ್ನ ಹಗ್ಗ, ನನ್ನ ಕ್ಯೂ, ಅದನ್ನು ಇಷ್ಟು ಪರ್ಫೆಕ್ಟ್ ಆಗಿ ನಡೆಸಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಂಜೆಯಾಯಿತು. ಒಳಗೆ ಆಯಿ ತಂಬಿಗೆ ಬೆಳಗಿಟ್ಟುಕೊಂಡು ಕೂತಿದ್ದಳು. ಅಪ್ಪ ಅರವಟಿಗೆಗೆ ಬಿದಿರಿನ ತಟ್ಟಿ ಮುಚ್ಚಿಸಿ ಬಂದಿದ್ದ. ಕಾಕಾ ಒಳಗೆ ಬಂದು, ನೆಲ ನೋಡುತ್ತಾ, ಮುಗೀತ್ರಿ ಅವ್ವಾರ ಎಂದ. ಎಷ್ಟೋ ವರ್ಷಗಳಿಂದ ಆ ಮಾತನ್ನು ಅವನು ಆಯಿಯ ಮುಖ ನೋಡಿಯೇ ಹೇಳುತ್ತಿದ್ದವನು. ಆಯಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಪಾಳಿ ಮುಗಿಯಿತೇ ಎಂದು ಕೇಳಿದಳು.

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಆಯಿಯೂ ಅದನ್ನೇ ಕಲಿಸಿದ್ದಳು. ಇಬ್ಬರ ನಡುವೆ ನನಗೆ ದಾರಿಯೇ ಇರಲಿಲ್ಲ. ಮುಗಿದಿಲ್ಲ, ತಟ್ಟಿ ಹಾಕಿದಾಗ ಇನ್ನೂ ಜನ ನಿಂತಿದ್ದರು ಎಂದೆ. ಆಯಿ ತಂಬಿಗೆಯನ್ನು ಬೋರಲು ಹಾಕಿದಳು. ಯಾಕೆ ಮುಗಿಯಲಿಲ್ಲ ಎಂದು ಕೇಳಲೇ ಇಲ್ಲ. ಅವಳಿಗೆ ಗೊತ್ತಿದ್ದ ಕಾರಣ ಒಂದೇ: ನೀರು ಸಾಲಲಿಲ್ಲ. ನಾಳೆ ಇನ್ನೂ ಎರಡು ಹರವಿ ತುಂಬಿಸಿಡು, ಬಿಸಿಲು ಜಾಸ್ತಿ ಐತಿ ಎಂದು ಕಾಕಾನಿಗೆ ಹೇಳಿ ಒಳಗೆ ಹೋದಳು. ಅಪ್ಪ, ಕಾಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯಿಗೆ ನಿಜ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮರುದಿನ ಬೆಳಿಗ್ಗೆಯೂ ಆಯಿ ನೀರು ಮುಟ್ಟಲಿಲ್ಲ. ನಿನ್ನಿನ ಪಾಳಿ ನಿಂತಲ್ಲೇ ಐತಿ, ಅದು ಮುಗೀಲಿ ಎಂದಳು. ಕಾಕಾ ಬೆಳಿಗ್ಗೆ ಎದ್ದು ಎರಡು ಹರವಿ ಹೆಚ್ಚಿಗೆ ತುಂಬಿದ. ಕುಡಿಯದವರಿಗಾಗಿ ಅಷ್ಟೊಂದು ನೀರನ್ನು ಅಷ್ಟು ಶ್ರದ್ಧೆಯಿಂದ ಸೋಸಿಟ್ಟ ಮನೆ ಇಡೀ ತಾಲೂಕಿನಲ್ಲಿ ನಮ್ಮದೊಂದೇ ಇದ್ದಿರಬೇಕು.

ಎರಡನೆಯ ದಿನವೂ ಅವರು ಬಂದರು. ಬಿಸಿಲು ಏರಿದಂತೆ ಕಾಕಾನ ತಾಳ್ಮೆ ತಪ್ಪಿತು. ನಿಮ್ಮ ಸಲುವಾಗಿ ನಮ್ಮ ಅವ್ವಾರು ನಿನ್ನೆ ಮಧ್ಯಾಹ್ನದಿಂದ ಹನಿ ನೀರು ಮುಟ್ಟಿಲ್ಲ, ಹೊಳ್ಯಾಗ ಕುಡದ ಬಂದು ಇಲ್ಲಿ ಬಾಯಾರಿದವರ ಸೋಗು ಹಾಕಬ್ಯಾಡ್ರಿ ಎಂದು ಎಲ್ಲರೆದುರು ಹೇಳಿಬಿಟ್ಟ. ಆಯಿಯ ವ್ರತದ ವಿಷಯ ಅವರಿಗೆ ಗೊತ್ತಿರಲಿಲ್ಲ. ಪಾಳಿ ಒಂದು ಕ್ಷಣ ಅಲ್ಲಾಡಿತು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಮುದುಕರ ಉಪವಾಸದ ಪಾಪ ನಮಗ್ಯಾಕ, ನಡೀರಿ ಹೋಗೋಣ ಎಂದು ಯಾರೋ ಮೆಲ್ಲಗೆ ಅಂದರು.

ತುಕ್ಕಾನಟ್ಟಿಯಾಕೆ ಸೆರಗನ್ನು ಟೊಂಕಕ್ಕೆ ಬಿಗಿದಳು. ಆಮೇಲೆ ಕಾಕಾನಿಗೆ ಹೇಳಿದಳು:

"ಹಂಗಾರ ಇವತ್ತಿಂದ ನಾನೂ ಹೊಳಿಗೆ ಹೋಗಂಗಿಲ್ಲ. ಅವರು ಹೆಂಗ ಒಳಗ ಕುಂತಾರೋ ನಾನೂ ಹಂಗ ಹೊರಗ ನಿಂತಿರತೇನಿ. ಅವರ ನೇಮ ಅವರಿಗೆ, ನನ್ನ ನೇಮ ನನಗ."

ಆಮೇಲೆ ಅವಳು ಹೊಳೆಯ ಕಡೆ ಹೋಗಲಿಲ್ಲ. ನಾನು ಜಗುಲಿಯಿಂದ ಕದಲದೆ ನೋಡುತ್ತಿದ್ದೆ. ಒಮ್ಮೆ ಮುಂದೆ ಬರುವಳು, ಮತ್ತೆ ಹಿಂದೆ ಹೋಗುವಳು. ತುಟಿ ಬಿಳಿಚಿತ್ತು. ಆದರೂ ಪಾಳಿ ಬಂದಾಗಲೆಲ್ಲ ಬೊಗಸೆಯೊಡ್ಡುವಳು.

ಅರಿವೆ ಅಂಗಡಿಯವನು ಹೇಳಿ ಕಳಿಸಿದ್ದನೋ ಏನೋ, ಪೊಲೀಸ್ ಫೌಜದಾರ ಸೈಕಲ್ ಮೇಲೆ ಬಂದ. ಪಾಳಿಯ ಉದ್ದಕ್ಕೂ ಒಮ್ಮೆ ನಡೆದು ನೋಡಿದ. ಐದು ಮಂದಿ ಕೂಡಿದ್ದಾರೆಯೇ ಎಂದು ಎಣಿಸಿದರೆ, ಅವರಲ್ಲೊಬ್ಬಳು, ಪೇಟೆಯವನೊಬ್ಬ, ಮತ್ತೆ ಅವರಲ್ಲೊಬ್ಬಳು. ಘೋಷಣೆ ಇಲ್ಲ. ದಾರಿ ಕಟ್ಟಿಲ್ಲ. ಚಪ್ಪಲಿಗಳನ್ನು ಸಹ ಸಾಲಾಗಿ ಬಿಟ್ಟಿದ್ದರು. ಟೋಪಿ ತೆಗೆದು ಬೆವರು ಒರೆಸಿಕೊಂಡು ಅಪ್ಪನ ಹತ್ತಿರ ಬಂದ. ಇವರನ್ನು ಇಲ್ಲಿಂದ ಕಳಿಸಿಕೊಡಿ ಎಂದು ಅಪ್ಪ ಕೇಳಿಕೊಂಡ.

"ಯಾವ ಕಲಮಿನ ಮ್ಯಾಲೆ ಕಳಸ್ಲಿ ಸಾವಕಾರ್ರ? ನೀರಿನ ಪಾಳ್ಯಾಗ ನಿಂತಾರ. ಪಾಳಿ ಹಚ್ಚಿದವರು ನೀವು," ಎಂದ ಫೌಜದಾರ. ಆಮೇಲೆ ದನಿ ತಗ್ಗಿಸಿ, "ಕಾಯಿದೆ ಹಿಡಕೊಂಡು ಹೊಂಟೆ ಅಂದ್ರ ಮೊದಲ ಆ ದೋಣಿ ಜಪ್ತ ಮಾಡಬೇಕಾಗ್ತೈತಿ. ಅದರ ಹಿಂದ ನಿಮ್ಮನ್ನ. ನನಗ ಒಂದು ತಂಬಿಗಿ ನೀರು ಕೊಡಸ್ರಿ, ಹೋಗ್ತೇನಿ."

ಅಪ್ಪ ಕಾಕಾನನ್ನು ಕರೆದು ತಂಬಿಗೆ ತರಿಸಲು ಹೋದ. ಫೌಜದಾರ ಪಾಳಿಯ ಕಡೆ ನೋಡಿದ, ತಂಬಿಗೆಯ ಕಡೆ ನೋಡಿದ. ಬ್ಯಾಡ ಬಿಡ್ರಿ, ಚೌಕಿಯಾಗ ಐತಿ ಎಂದು ಸೈಕಲ್ ಹತ್ತಿದ. ಇಂದಿಗೂ ಆ ಮನುಷ್ಯನ ಬಗ್ಗೆ ನನಗೆ ಒಂದು ಸಾಫ್ಟ್ ಕಾರ್ನರ್.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾನು ಒಳಗೆ ಹೋದೆ. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಜಪಸರ ಹಿಡಿದಿದ್ದಳು. ಬೆರಳು ಒಂದೇ ಮಣಿಯ ಮೇಲೆ ನಿಂತಿತ್ತು. ನನಗೆ ಹೆದರಿಕೆಯಾಯಿತು. ಇಂಗ್ಲಿಷಿನಲ್ಲಿ ನನ್ನ ತಲೆಯೊಳಗೆ ಇಟ್ ಈಸ್ ನಾಟ್ ಫೇರ್ ಎಂಬ ಮಾತು ಸುತ್ತುತ್ತಿತ್ತು. ಯಾರಿಗೆ ನಾಟ್ ಫೇರ್, ಒಳಗಿನ ಈ ಮುದುಕಿಗೋ ಹೊರಗಿನ ಆ ಹೆಣ್ಣುಮಗಳಿಗೋ, ಗೊತ್ತಾಗಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನೀರು ಕಡಿಮೆ ಬಿದ್ದಿಲ್ಲ ಆಯಿ, ಅವರು ದೋಣಿಯಿಂದ ಕುಡಿಯಲು ಒಲ್ಲೆ ಎನ್ನುತ್ತಿದ್ದಾರೆ.

ಆಯಿ ಕಣ್ಣು ತೆರೆದಳು.

"ಒಲ್ಲೆ ಅಂದು ಪಾಳಿ ಬಿಟ್ಟು ಹೋದ್ರೇನು?"

"ಇಲ್ಲ. ಹಿಂದ ಹೋಗಿ ನಿಂತಾರ. ನಿನ್ನಿಂದ ನಿಂತಾರ. ಅವರಾಗ ಒಬ್ಬಾಕಿ ನೀ ಕುಡಿಯಂಗಿಲ್ಲ ಅಂತ ಕೇಳಿ ತಾನೂ ಕುಡದಿಲ್ಲ."

ಆಯಿ ಜಪಸರವನ್ನು ಮಡಿಸಿ ಕೆಳಗಿಟ್ಟಳು. ಆಮೇಲೆ ಗೋಡೆಗೆ ಕೈಕೊಟ್ಟು ಎದ್ದಳು. ಸೋಸುವ ಬಟ್ಟೆಯೊಂದನ್ನು ಗೋಡೆಯ ಗಿಳಿಗೂಟದಿಂದ ತೆಗೆದು ಟೊಂಕಕ್ಕೆ ಸಿಕ್ಕಿಸಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯ ಭಾರ ನನಗೆ ಈಗಲೂ ಗೊತ್ತಾಗುತ್ತದೆ.

ಹೊರಗೆ ಬಂದಾಗ ಅಪ್ಪ ಓಡಿಬಂದು ಬಿಸಿಲಾಗ ಎಲ್ಲಿಗೆ ಎಂದ. ಪಾಳಿಗೆ ಎಂದಳು ಆಯಿ. ಎಲ್ಲರೂ ಅವಳು ಮುಂದೆ ಹರವಿಗಳ ಕಡೆ ಹೋಗುತ್ತಾಳೆ ಎಂದುಕೊಂಡರೆ, ಅವಳು ಹಗ್ಗದಗುಂಟ ಹಿಂದಕ್ಕೆ ನಡೆದು, ಕೊನೆಯಲ್ಲಿದ್ದ ತುಕ್ಕಾನಟ್ಟಿಯಾಕೆಯ ಹಿಂದೆ ಹೋಗಿ ನಿಂತಳು. ತುಕ್ಕಾನಟ್ಟಿಯಾಕೆ ಗಾಬರಿಯಾಗಿ ಸರಿದು, ಮುಂದ ಬರ್ರಿ ಅವ್ವಾರ ಎಂದಳು. ಆಯಿ ತಲೆಯಾಡಿಸಿದಳು. ತಾನು ಯಾವಾಗಲೂ ಕಡೆಯವಳು, ಅದೇ ತನ್ನ ನೇಮ ಎಂದಳು.

ಪಾಳಿ ಮುಂದೆ ಸರಿಯಿತು. ಅವರಲ್ಲಿ ಮೊದಲನೆಯವಳು ಕಾಕಾನ ಮುಂದೆ ಬಂದು ಬೊಗಸೆಯೊಡ್ಡಿದಳು. ಕಾಕಾ ಆಯಿಯ ಕಡೆ ನೋಡಿದ. ಹಾಕು ಎಂದಳು ಆಯಿ ಹಿಂದಿನಿಂದ. ಕಾಕಾ ತಂಬಿಗೆ ಎತ್ತಿದ, ಮತ್ತೆ ಇಳಿಸಿದ. ತುಂಬಿದ ಪೇಟೆ ನೋಡುತ್ತಿತ್ತು. ಅವನು ಕೆಟ್ಟವನಲ್ಲ, ಇಡೀ ಜೀವನ ಒಂದು ಕಡೆಗೆ ಬಾಗಿದ ಕೈ ಇನ್ನೊಂದು ಕಡೆ ಬಾಗಲಿಲ್ಲ ಅಷ್ಟೇ. ನಾನು ಹೋಗಿ ಅವನ ಕೈಯಿಂದ ತಂಬಿಗೆ ಇಸಿದುಕೊಂಡೆ. ನೀರು ಹಾಕಿದೆ. ನೇರ ಬೊಗಸೆಗೆ. ಸದ್ದಾಗಲಿಲ್ಲ. ಅವಳು ಕುಡಿದಳು, ಮತ್ತೆ ಒಡ್ಡಿದಳು, ಮತ್ತೆ ಕುಡಿದಳು. ಎರಡನೆಯವಳು ಬಂದಳು. ನಡುವೆ ನಿಂತಿದ್ದ ಪೇಟೆಯವರಲ್ಲಿ ಇಬ್ಬರು ಹಗ್ಗ ದಾಟಿ ಹೊರಟುಹೋದರು. ಗಾಡಿಯವನು ಹೋಗಲಿಲ್ಲ. ಅವನಿಗೂ ಹಾಕಿದೆ. ನನ್ನ ಲಂಗವೆಲ್ಲ ತೊಯ್ದುಹೋಯಿತು. ಕೊನೆಗೆ ತುಕ್ಕಾನಟ್ಟಿಯಾಕೆ ಬಂದಳು. ಅವಳು ಎಲ್ಲರಿಗಿಂತ ನಿಧಾನವಾಗಿ ಕುಡಿದಳು, ಬಿಸಿ ಹಾಲು ಕುಡಿಯುವವರ ಹಾಗೆ. ಕುಡಿದು, ಮುಖ ಒರೆಸಿಕೊಂಡು, ಹೋಗಲಿಲ್ಲ. ತಿರುಗಿ ನಿಂತಳು. ಈಗ ಅವಳ ಎದುರಿಗೆ ಆಯಿ. ಪಾಳಿಯಲ್ಲಿ ಕಡೆಯವಳು.

ಅವಳು ನನ್ನ ಕೈಯಲ್ಲಿದ್ದ ತಂಬಿಗೆಗೆ ಕೈಚಾಚಿದಳು. ನಾನು ಕೊಟ್ಟೆ.

"ನಿಮ್ಮ ಪಾಳಿ ಬಂತ್ರಿ ಅವ್ವಾರ. ನಾ ಹಾಕಲೇನ್ರಿ?"

ಬೇರೆಯವರಿಗೆ ನೀರು ಕೊಡುವುದು ಒಂದು, ಅವರ ಕೈಯಿಂದ ಕುಡಿಯುವುದು ಇನ್ನೊಂದು. ಅದು ಪೇಟೆಯಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅರಿವೆ ಅಂಗಡಿಯವನು ಎದ್ದು ನಿಂತಿದ್ದ. ಆಯಿ ತಲೆಯೆತ್ತಿ ಸೂರ್ಯನನ್ನು ನೋಡಿದಳು. ಗುಡ್ಡದ ನೆತ್ತಿಗೆ ಇನ್ನು ಸ್ವಲ್ಪವೇ ಇತ್ತು.

"ಎರಡು ಗಳಿಗಿ ದಾಟೇತಿ," ಎಂದಳು. "ಈ ನೀರು ನನಗ ಬರಂಗಿಲ್ಲ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ನೆಪ ಸಿಕ್ಕಿತು ಎಂದುಕೊಂಡರು ಎಲ್ಲರೂ. ತುಕ್ಕಾನಟ್ಟಿಯಾಕೆಯೂ ಹಾಗೇ ತಿಳಿದಳು. ತಂಬಿಗೆ ಮೆಲ್ಲಗೆ ಕೆಳಗಿಳಿಯಿತು. ಅಷ್ಟರಲ್ಲಿ ಆಯಿ ಟೊಂಕದಿಂದ ಸೋಸುವ ಬಟ್ಟೆ ತೆಗೆದು ಅವಳ ಮುಂದೆ ಹಿಡಿದಳು.

"ಹಿಡಿ. ಎರಡು ಮಡಿಕಿ ಮಾಡು. ಯಾರು ಹಾಕತಾರೋ ಅವರ ಸೋಸಬೇಕು. ಲಗೂನ ಮಾಡವ್ವಾ, ಹೊತ್ತು ಹೊಂಟೈತಿ."

ನಗು ನಿಂತಿತು. ಆಯಿ ಹೇಳಿಕೊಡುತ್ತ ಹೋದಳು, ಅವಳು ಮಾಡುತ್ತ ಹೋದಳು. ಸಣ್ಣ ಕೊಡದ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ನೀರು, ಸಾವಕಾಶ, ಚೆಲ್ಲದ ಹಾಗೆ. ಸೋಸಿ ಮುಗಿದ ಮೇಲೆ ಅವಳು ಬಟ್ಟೆಯನ್ನು ಹಿಂಡಲು ಹೋದಳು. ಆಯಿ ಥಟ್ಟನೆ ಅವಳ ಮಣಿಕಟ್ಟು ಹಿಡಿದಳು. ಹೌದು, ಹಿಡಿದಳು. ಹಿಂಡಬಾರದು, ಅದರಲ್ಲಿ ಜೀವ ಇವೆ, ಬಾವಿಗೆ ಬಿಡಬೇಕು ಎಂದಳು. ಬಾವಿ ಎಲ್ಲಿದೆ ಎಂದು ಅವಳು ಕೇಳಿದಳು.

ನಮ್ಮ ಬಾವಿ ಇದ್ದದ್ದು ಹಿತ್ತಲಲ್ಲಿ. ಅಲ್ಲಿಗೆ ಹೋಗಲು ಹೊಸ್ತಿಲು ದಾಟಬೇಕು, ಪಡಸಾಲೆ ದಾಟಬೇಕು, ಅಡಿಗೆಮನೆಯ ಬಾಗಿಲ ಮುಂದೆಯೇ ಹಾಯಬೇಕು. ಅಪ್ಪ ಮುಂದೆ ಬಂದ. ಅವ್ವಾ, ಬಟ್ಟಿ ಇತ್ತ ಕೊಡಸು, ನಾ ಬಿಟ್ಟು ಬರ್ತೇನಿ ಎಂದ. ಪಾಪ, ಅಪ್ಪನ ದನಿಯಲ್ಲಿ ಬೇಡಿಕೆಯೇ ಇತ್ತು.

"ಸೋಸಿದವರ ಕೈಲೇ ಹೋಗಬೇಕು," ಎಂದಳು ಆಯಿ. "ನಿಮ್ಮಪ್ಪ ಒಂದಿನ ಇದನ್ನ ತಪ್ಪಿಸಿಲ್ಲ. ನಾ ತಪ್ಪಿಸಿಲ್ಲ. ಇವತ್ತ ಯಾಕ ತಪ್ಪಿಸೂದು?"

ಅಪ್ಪ ಸರಿದು ನಿಂತ. ನಾನು ಮುಂದೆ, ನನ್ನ ಹಿಂದೆ ಒದ್ದೆ ಬಟ್ಟೆಯನ್ನು ಎರಡೂ ಅಂಗೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದ ಅವಳು. ಹೊಸ್ತಿಲಲ್ಲಿ ಅವಳು ಒಂದು ಕ್ಷಣ ತಡೆದಳು. ಬರ್ರಿ ಎಂದೆ. ಆ ವಯಸ್ಸಿನಲ್ಲಿ ಗೋದಾಮಿನ ಹೆಣ್ಣಾಳಿಗೆ ಬರ್ರಿ ಎಂದದ್ದು ಅದೇ ಮೊದಲ ಸಲ. ಬಾಯಿಗೆ ತಾನಾಗಿ ಬಂತು. ಅಡಿಗೆಮನೆಯ ಬಾಗಿಲಲ್ಲಿ ನನ್ನ ಅವ್ವ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಬಾವಿಯ ಕಟ್ಟೆಯ ಮೇಲೆ ಅವಳು ಬಟ್ಟೆಯನ್ನು ಕೊಡಪಾನದೊಳಗೆ ತಿರುವಿ ಹಾಕಿ, ಮೇಲೆ ನೀರೆರೆದು, ಹಗ್ಗ ಜಾರಿಸದೆ ಗೇಣುಗೇಣಾಗಿ ಇಳಿಸಿದಳು. ಕೊಡಪಾನ ನೀರಿಗೆ ಮುಟ್ಟಿದ್ದು ನಮಗಿಬ್ಬರಿಗೂ ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ.

ನಾವು ಹೊರಗೆ ಬಂದಾಗ ಬಿಸಿಲು ಅಂಗಡಿಗಳ ಮಾಡಿನ ಮೇಲಕ್ಕೆ ಏರಿತ್ತು. ಅವಳು ತಂಬಿಗೆ ಎತ್ತಿದಳು. ಆಯಿ ಬಗ್ಗಿ ಬೊಗಸೆಯೊಡ್ಡಿದಳು, ಎಲ್ಲರ ಹಾಗೆ. ಕುಡಿದಳು. ಗುಟುಕು ಗುಟುಕಾಗಿ, ಕುತ್ತಿಗೆಯ ನರ ಏಳುವುದು ಬೀಳುವುದು ಕಾಣುತ್ತಿತ್ತು. ಕುಡಿದು ನೆಟ್ಟಗಾಗಿ, ಕಾಕಾನ ಕಡೆ ತಿರುಗಿ, ಪಾಳಿ ಮುಗೀತು ಎಂದಳು.

ಆ ಸಂಜೆ ಅಪ್ಪನೇ ದೋಣಿಯ ಕಟ್ಟು ಬಿಚ್ಚಿದ. ಯಾರೂ ಹೇಳಿರಲಿಲ್ಲ. ಅದು ಆಮೇಲೆ ಹಿತ್ತಲಿನಲ್ಲಿ ಎಮ್ಮೆಯ ನೀರಿಗೆ ಬಂತು. ಊರು ಒಂದೇ ದಿನಕ್ಕೆ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಆ ಬೇಸಿಗೆ ನಮ್ಮ ಅರವಟಿಗೆಗೆ ಬರುವುದನ್ನು ಎಷ್ಟೋ ಜನ ಬಿಟ್ಟರು. ನಮ್ಮವರೇ ಕೆಲವರು ಮನೆಗೆ ಬಂದು ಆಯಿಗೆ ಪ್ರಾಯಶ್ಚಿತ್ತ ಹೇಳಿದರು. ಯಾವ ನೇಮ ತಪ್ಪಿದೆ ತೋರಿಸಿ, ಮಾಡಿಕೊಳ್ಳುತ್ತೇನೆ ಎಂದಳು ಆಯಿ. ಸೋಸಿದ್ದು ಸರಿಯಿತ್ತು, ಹೊತ್ತು ಮುಳುಗಿರಲಿಲ್ಲ, ಜೀವ ಬಾವಿಗೆ ಹೋಗಿದ್ದವು. ಅವರು ಚಹಾ ಕುಡಿದು ಎದ್ದುಹೋದರು. ಮುಂದಿನ ಬೇಸಿಗೆ ಬಿಸಿಲು ಹೆಚ್ಚಿತ್ತು, ಬಿಟ್ಟವರಲ್ಲಿ ಬಹಳ ಜನ ತಿರುಗಿ ಬಂದರು. ಕಾಕಾ ನೇರ ಬೊಗಸೆಗೆ ಹಾಕುವುದನ್ನು ಕಲಿತ. ಮೊದಮೊದಲು ಮುಖ ಆಚೆ ತಿರುಗಿಸಿ ಹಾಕುತ್ತಿದ್ದ, ಹೀಗಾಗಿ ಅರ್ಧ ನೀರು ಅವರ ಸೀರೆಯ ಮೇಲೆ. ಕಾಕಾ, ಕುಡಸ್ತೀರೋ ಜಳಕಾ ಮಾಡಸ್ತೀರೋ ಎಂದು ಅವರು ಕಾಡಿದ ಮೇಲೆ ನೋಡಿ ಹಾಕತೊಡಗಿದ.

ಮ್ಯಾಟ್ರಿಕ್ ಸರ್ಟಿಫಿಕೇಟ್ ತರಲು ಬೆಳಗಾವಿಗೆ ಹೋದಾಗ ಆ ಕ್ಯೂ ಸಿಸ್ಟರ್‌ಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿ, ಹಾಗಾದರೆ ಇದರಲ್ಲಿ ಡಿಸ್‌ಒಬೇ ಮಾಡಿದವರು ಯಾರು ಎಂದರು. ನಾನು ಯೋಚಿಸಿ ನೋಡಿದೆ. ಪಾಳಿಯವರು ಪಾಳಿಯನ್ನು ಮುರಿಯಲಿಲ್ಲ. ಫೌಜದಾರ ಕಾಯಿದೆಯನ್ನು ಮುರಿಯಲಿಲ್ಲ. ಆಯಿ ತನ್ನ ಒಂದು ನೇಮವನ್ನೂ ಬಿಡಲಿಲ್ಲ. ಆದರೂ ದೋಣಿ ಹೋಯಿತು. ನಾನು ಹುಟ್ಟಿದ ಮನೆ ಯಾವುದೆಂದು ಯಾರಾದರೂ ಕೇಳಿದರೆ ಇಂದಿಗೂ ಬೆಲ್ಲದ ವ್ಯಾಪಾರದವರ ಮನೆ ಎನ್ನುವುದಿಲ್ಲ, ಅರವಟಿಗೆಯವರ ಮನೆ ಎನ್ನುತ್ತೇನೆ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ತುಕ್ಕಾನಟ್ಟಿಯಾಕೆ ಒಂದೆರಡು ಬೇಸಿಗೆ ಗೋದಾಮಿಗೆ ಬಂದು, ಆಮೇಲೆ ಮನೆಯವರೊಡನೆ ಸಂಕೇಶ್ವರದ ಕಡೆ ಕಬ್ಬು ಕಡಿಯಲು ಹೋದಳೆಂದು ಕೇಳಿದೆ. ಆಯಿ ತೀರಿಕೊಂಡಳು.

ಮತ್ತೆ ತುಕ್ಕಾನಟ್ಟಿಯಾಕೆಯನ್ನು ನೋಡಿದ್ದು ಒಂದೇ ಸಲ, ಅರವತ್ತರ ದಶಕದ ನಡುವೆ, ಮೂಡಲಗಿಯಲ್ಲಿ. ರೇಶನ್ನಿನಲ್ಲಿ ಕೆಂಪು ಜೋಳ ಕೊಡುತ್ತಿದ್ದ ಕಾಲ. ನನ್ನ ನಾದಿನಿಯ ಬಾಣಂತನಕ್ಕೆ ಹೋಗಿದ್ದ ನಾನು ಅವರ ಮನೆಯ ಜೋಳ ತರಲು ಚೀಲ ಹಿಡಿದು ಹೋಗಿದ್ದೆ. ಅಂಗಡಿಯ ಮುಂದೆ ಉದ್ದನೆಯ ಪಾಳಿ. ಅಂಗಡಿಯವನಿಗೆ ನಮ್ಮ ಮನೆತನದ ಗುರುತು. ನೀವ್ಯಾಕ ಬಿಸಲಾಗ ನಿಲ್ತೀರಿ ಅಕ್ಕಾರ, ಹಿಂಗ ಮುಂದ ಬರ್ರಿ ಎಂದು ಕರೆದ. ನಾನು, ಥ್ಯಾಂಕ್ಸ್ ಎನ್ನುವ ಮುಖ ಮಾಡಿಕೊಂಡು, ಮುಂದಕ್ಕೆ ಕಾಲು ಹಾಕಿಯೇಬಿಟ್ಟಿದ್ದೆ.

"ತಂಗೀ, ಪಾಳಿ ಹಿಂದಿಂದ ಐತಿ."

ಪಾಳಿಯೆಲ್ಲ ನಕ್ಕಿತು. ಆ ದನಿ ನನಗೆ ಗೊತ್ತಿತ್ತು. ಕೂದಲು ನೆರೆತಿತ್ತು, ಎತ್ತರ ಮಾತ್ರ ಅಷ್ಟೇ. ಗೋಕಾಕದಲ್ಲಿ ನನ್ನನ್ನು ಸಣ್ಣಕ್ಕಾರ ಎನ್ನುತ್ತಿದ್ದವಳು ಈಗ ತಂಗೀ ಎಂದಿದ್ದಳು. ನನಗೂ ನಗು ಬಂತು. ಹಿಂದಕ್ಕೆ ಹೋಗಿ ಕೊನೆಯಲ್ಲಿ ನಿಂತೆ.

ಅವಳ ಪಾಳಿ ಮೊದಲು ಬಂತು. ಜೋಳ ಅಳೆಸಿಕೊಂಡು, ಗಂಟು ಕಟ್ಟಿ, ಹಿಂದಕ್ಕೆ ನನ್ನ ಹತ್ತಿರ ಬಂದಳು. ಈಗ ತಿರುಗಿ ತುಕ್ಕಾನಟ್ಟಿಯಲ್ಲೇ ಇರುವುದಾಗಿ ಹೇಳಿದಳು. ಆಯಿ ಹೇಗಿದ್ದಾರೆ ಎಂದು ಕೇಳಿದಳು. ತೀರಿಕೊಂಡಳು ಎಂದೆ. ಅವಳು ಗಂಟನ್ನು ನೆಲಕ್ಕಿಟ್ಟಳು.

"ಕಡೀಕ ನೀರು ಯಾರು ಹಾಕಿದ್ರು?"

"ನಾನು."

"ಸೋಸಿ?"

"ಸೋಸಿ. ಬಟ್ಟಿ ನಾನ ಬಾವಿಗೆ ಬಿಟ್ಟೆ."

ಅವಳು ತಲೆಯಾಡಿಸಿದಳು. ಆ ಒರಟು ಅಂಗೈಯನ್ನು ಒಮ್ಮೆ ನನ್ನ ಕೆನ್ನೆಗೆ ಇಟ್ಟಳು. ಆಮೇಲೆ ಗಂಟನ್ನು ತಲೆಗೇರಿಸಿಕೊಂಡು, ಒಂದು ಕೈ ಬೀಸುತ್ತ, ತುಕ್ಕಾನಟ್ಟಿಯ ದಾರಿ ಹಿಡಿದಳು. ಹಳ್ಳದ ತಿರುವಿನವರೆಗಾದರೂ ಜೊತೆಗೆ ನಡೆಯಬೇಕು, ಇನ್ನೂ ಏನೇನೋ ಕೇಳಬೇಕು ಅನಿಸಿತು. ಆದರೆ ನನ್ನ ಹಿಂದೆ ಆಗಲೇ ಇನ್ನೂ ನಾಲ್ಕಾರು ಮಂದಿ ನಿಂತಿದ್ದರು. ಬಿಟ್ಟುಹೋದರೆ ಮತ್ತೆ ಕೊನೆಗೇ ಬರಬೇಕಿತ್ತು. ನಾನು ಪಾಳಿ ಬಿಡಲಿಲ್ಲ. ಅವಳು ತಿರುಗಿ ನೋಡಿದ್ದರೆ, ನಾನು ಪಾಳಿಯಲ್ಲೇ ನಿಂತಿರುವುದು ಅವಳಿಗೆ ಕಾಣುತ್ತಿತ್ತು.